ಪ್ರಬಂಧ ತಿದ್ದೋರು ಯಾರು?

1876ರ ಹಾರ್ವರ್ಡ್‌ನಲ್ಲಿ ದೊಡ್ಡ ಮೇಷ್ಟ್ರು ಎನ್ನಲು ಒಂದೇ ಗುರುತು ಸಾಕಿತ್ತು: ಹುಡುಗರ ಪ್ರಬಂಧ ತಿದ್ದುವ ಕೆಲಸ ಅವರಿಗೆ ತಪ್ಪಿರಬೇಕು. ಪ್ರೊಫೆಸರ್ ಫ್ರಾನ್ಸಿಸ್ ಚೈಲ್ಡ್ 25 ವರ್ಷ ಆ ಕೆಲಸ ಮಾಡಿದ್ದರು. ಹೊಸದಾಗಿ ಬಾಗಿಲು ತೆರೆದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಅವರನ್ನು ಕರೆಯಿತು. ಹಾರ್ವರ್ಡ್‌ಗೆ ಗಾಬರಿ. ಉಳಿಸಿಕೊಳ್ಳಲು ಕೊಟ್ಟಿದ್ದೇನು ಗೊತ್ತಾ? ಪ್ರಬಂಧಗಳಿಂದ ಬಿಡುಗಡೆ!

ಅವರು ಬಿಟ್ಟ ಪ್ರೊಫೆಸರ್ ಪೀಠ ಅಂತಿಂಥದ್ದಲ್ಲ. ಮಾತುಗಾರಿಕೆ ಕಲಿಸಲೆಂದೇ ಇದ್ದದ್ದು. 1806ರಲ್ಲಿ ಅದರಲ್ಲಿ ಮೊದಲು ಕೂತವರು ಜಾನ್ ಕ್ವಿನ್ಸಿ ಆಡಮ್ಸ್, ಮುಂದೆ ಅಮೆರಿಕದ ಅಧ್ಯಕ್ಷರಾದವರು. ಈಗ ಬಂದ ಆಡಮ್ಸ್ ಶೆರ್ಮನ್ ಹಿಲ್ ಪತ್ರಿಕೆಯಲ್ಲಿ ದುಡಿದವರು. ಸಭೆಯನ್ನು ಒಲಿಸುವ ಕಲೆ ಹೋಯಿತು, ಅಲ್ಪವಿರಾಮ ಎಲ್ಲಿ ಹಾಕಬೇಕು ಎಂಬ ವಿದ್ಯೆ ಬಂತು.

ಅಷ್ಟೊತ್ತಿಗೆ, 1874ರಲ್ಲೇ, ಸೇರಬಯಸುವ ಹುಡುಗರಿಗೆ ಇಂಗ್ಲಿಷ್ ಪ್ರಬಂಧದ ಪರೀಕ್ಷೆ ಶುರುವಾಗಿತ್ತು. ಷೇಕ್ಸ್‌ಪಿಯರ್, ವಾಲ್ಟರ್ ಸ್ಕಾಟ್ ಓದಿಕೊಂಡು ಬನ್ನಿ, ಕಾಗುಣಿತ ತಪ್ಪದೆ ಬರೆಯಿರಿ. ಸುಮಾರು ಅರ್ಧ ಮಂದಿ ಡುಮ್ಕಿ. ಹಾಗಾದರೆ ತಪ್ಪು ಯಾರದ್ದು? ಶಾಲೆಯದ್ದು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

1892ರಲ್ಲಿ ಇದನ್ನು ಸಾಬೀತು ಮಾಡಲು ಸಮಿತಿಯೊಂದು ವರದಿ ಕೊಟ್ಟಿತು. ಅದರ ಸದಸ್ಯರಲ್ಲಿ ಒಬ್ಬರು ಪತ್ರಿಕೆಯ ಸಂಪಾದಕರು. ಇನ್ನೊಬ್ಬರು ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸ್, ಎರಡು ವರ್ಷದ ಹಿಂದಿನವರೆಗೂ ಯೂನಿಯನ್ ಪೆಸಿಫಿಕ್ ರೈಲ್ವೆಯ ಅಧ್ಯಕ್ಷರು. ಅಂದರೆ ಆ ಪೀಠದ ಮೊದಲ ಪ್ರೊಫೆಸರರ ಮೊಮ್ಮಗ. ತಾತ ಮಾತು ಕಲಿಸಿದ ಜಾಗದಲ್ಲಿ ಮೊಮ್ಮಗ ಕಾಗುಣಿತ ಎಣಿಸಿದರು. ಹುಡುಗರ ಬರಹಗಳನ್ನು ಅವರ ಕೈಬರಹದಲ್ಲೇ ಅಚ್ಚು ಹಾಕಿಸಿ ಊರಿಗೆಲ್ಲ ತೋರಿಸಿದರು. ಪಾಪ, ಆ ಹುಡುಗರು ಅಚ್ಚಿನಲ್ಲಿ ಬಂದದ್ದು ಹೀಗೆ.

ಪರಿಹಾರ? ಹಾರ್ವರ್ಡ್‌ನಲ್ಲಿ ಆಗ ಬೇಕಾದ್ದನ್ನು ಆರಿಸಿಕೊಂಡು ಓದುವ ಸ್ವಾತಂತ್ರ್ಯದ ಗಾಳಿ. ಲ್ಯಾಟಿನ್ ಬೇಡವೇ, ಬಿಡಿ. ಗಣಿತ ಬೇಡವೇ, ಅದನ್ನೂ ಬಿಡಿ. ಶತಮಾನ ಮುಗಿಯುವ ಹೊತ್ತಿಗೆ ಹೊಸಬರಿಗೆ ಬಿಡುವ ಹಾಗಿಲ್ಲದೆ ಉಳಿದದ್ದು ಹೆಚ್ಚೂಕಡಿಮೆ ಒಂದೇ ವಿಷಯ: ಪ್ರಬಂಧ. ಯಾವ ಪ್ರೊಫೆಸರೂ ಓದಲು ಒಪ್ಪದ್ದನ್ನು ಎಲ್ಲ ಹುಡುಗರೂ ಬರೆಯಲೇಬೇಕು. ಅಲ್ಲಿನ ಮೇಷ್ಟ್ರು ಬ್ಯಾರೆಟ್ ವೆಂಡೆಲ್ ಅಂತೂ ತಮ್ಮ ತರಗತಿಯಲ್ಲಿ ದಿನಕ್ಕೊಂದು ಪುಟ ಬರೆಸಿದರು. ದಿನಾ ಬರೆಯಲು ಹುಡುಗನ ಬದುಕಿನಲ್ಲಿ ಏನಿರುತ್ತದೆ ಹೇಳಿ? ಅತ್ತ ಮಿಚಿಗನ್‌ನಲ್ಲಿ ಫ್ರೆಡ್ ನ್ಯೂಟನ್ ಸ್ಕಾಟ್ ಎಂಬ ಮೇಷ್ಟ್ರು ಒಂದೇ ವರ್ಷದಲ್ಲಿ 3,000ಕ್ಕೂ ಹೆಚ್ಚು ಪ್ರಬಂಧ ಓದಿದ್ದಾಗಿ ಬರೆದರು. ಅವರನ್ನು ಯಾರೂ ಬೇರೆ ಊರಿಗೆ ಕರೆದು ಬಿಡಿಸಲಿಲ್ಲ ಅಂತ ಕಾಣುತ್ತದೆ.

ಬಿಡುಗಡೆ ಪಡೆದ ಚೈಲ್ಡ್ ಆಮೇಲೆ ಏನು ಮಾಡಿದರು? ಇಂಗ್ಲೆಂಡ್, ಸ್ಕಾಟ್ಲೆಂಡಿನ ಹಳೆಯ ಲಾವಣಿಗಳನ್ನು ಹುಡುಕುತ್ತಾ ಕೂತರು. ಒಟ್ಟು 305. ಒಂದೊಂದಕ್ಕೂ ಸಿಕ್ಕಷ್ಟು ಪಾಠಾಂತರ. ಓದು ಬರಹ ಬಾರದವರ ಬಾಯಿಂದ ಬಾಯಿಗೆ ಬಂದ ಹಾಡುಗಳು. ಅವುಗಳಲ್ಲಿ ಅಕ್ಷರ ತಪ್ಪಿದ್ದರೂ ಚೈಲ್ಡ್ ಬಹುಮಟ್ಟಿಗೆ ತಿದ್ದಲಿಲ್ಲ. ಹೇಗಿತ್ತೋ ಹಾಗೇ, ಭಕ್ತಿಯಿಂದ ಅಚ್ಚು ಹಾಕಿಸಿದರು.