ಕಿಡಿ ಹೊತ್ತಿಸುವ ಕಷ್ಟ

ಹಳೆಯ ಕಾರೊಂದು ಮನೆ ಮುಂದಿದ್ದರೆ ಬಳ್ಳಾರಿಯಲ್ಲಿ ಸಲಹೆಗೆ ಬರವಿಲ್ಲ, ಬರವೇನಿದ್ದರೂ ಬಿಡಿಭಾಗಗಳಿಗೆ. ನಮ್ಮ ಪ್ರೀಮಿಯರ್ ಪದ್ಮಿನಿಯು ಮೋತಿ ವೃತ್ತದಂತಹ ಜನ ಸೇರುವ ಜಾಗವನ್ನೇ ಹುಡುಕಿ ನಿಲ್ಲುತ್ತಿದ್ದುದರಿಂದ, ಅದರ ಇಗ್ನಿಶನ್, ಅಂದರೆ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಏರ್ಪಾಡು, ಬದಲಿಸಬೇಕೆಂಬ ಠರಾವು ಮನೆಯಲ್ಲಿ ಮಂಡನೆಯಾಗುವ ಮೊದಲೇ ರಸ್ತೆಯಲ್ಲಿ ಅಂಗೀಕಾರವಾಗಿತ್ತು.

ತೊಂದರೆಯಿದ್ದದ್ದು, ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟಿನಲ್ಲಿ, ಅಂದರೆ ಕರೆಂಟನ್ನು ಕಡಿದು ಜೋಡಿಸುವ ಪುಟ್ಟ ಸ್ವಿಚ್ಚಿನಲ್ಲಿ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಆ ಬಡಪಾಯಿ ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ತೆರೆದಾಗಲೆಲ್ಲ ಕಾಯಿಲ್ ಎಂಬ ತಂತಿಯ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿಗೆ ಹೋಗಬೇಕು. ಸವೆಯದೆ ಇನ್ನೇನಾದೀತು? ಪಾಯಿಂಟ್ ಸುಡದಂತೆ ಕಾಪಾಡಲು ಜೊತೆಗಿರುವ ಕಂಡೆನ್ಸರ್ ಅಂತೂ, ಈಗ ಸಿಗುವ ಹೊಸದಕ್ಕಿಂತ ಕೆಟ್ಟುಹೋದ ಹಳೆಯದೇ ವಾಸಿ ಎನ್ನಿಸುವಂತಿತ್ತು.

ತಂಗಿಯ ಮಗ, ಡಿಸ್ಟ್ರಿಬ್ಯೂಟರನ್ನೇ ಪೂರ್ತಿ ಕಿತ್ತು, ಕಿಡಿ ಹಾರುವ ಟೈಮಿಂಗನ್ನು ಫೋನಿನಿಂದಲೇ ತಿದ್ದಬಹುದಾದ, ಡಚ್ಚರ '123 ಇಗ್ನಿಶನ್' ಎಂಬ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಹಾಕಿಸೋಣವೆಂದ. ಹಾರನ್ನೇ ಕೆಲಸ ಮಾಡದ ಕಾರಿಗೆ ಬ್ಲೂಟೂತ್ ಬೇಕೆಂಬುದು ನನಗೆ ಹಿಡಿಸಲಿಲ್ಲ. ಮಿಸ್ತ್ರಿಯ ವಾದ ಇದಕ್ಕೆ ತದ್ವಿರುದ್ಧವಾಗಿತ್ತು: "ಪಾಯಿಂಟ್ ಕೆಟ್ರ ಎಮರಿ ಪೇಪರ್ ತಿಕ್ಕಿ ಊರು ಮುಟ್ಟಬಹುದ್ರಿ ಸರ್. ಆ ಡಬ್ಬಿ ಕೆಟ್ರ ಹಗ್ಗ ಕಟ್ಟಿ ಎಳ್ಕೊಂಡು ಬರ್ಬೇಕು." ಇದರಲ್ಲಿ ಸತ್ಯವಿದೆ. ಪಾಯಿಂಟ್ ಕೆಮ್ಮಿ, ಜಗ್ಗಿ, ಮುನ್ಸೂಚನೆ ಕೊಟ್ಟು ಕೆಡುತ್ತದೆ. ಪಾಯಿಂಟಿನ ಕೆಲಸವನ್ನೇ ಮಾಡುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಕೊನೆಯ ಕ್ಷಣದವರೆಗೂ ಚೆನ್ನಾಗಿದ್ದು ಒಮ್ಮೆಲೇ ಹೋಗಿಬಿಡುತ್ತದೆ. ಆದ್ದರಿಂದ ಡಿಸ್ಟ್ರಿಬ್ಯೂಟರನ್ನು ಹಾಗೆಯೇ ಉಳಿಸಿಕೊಂಡು, ಅದರ ಮುಚ್ಚಳದಡಿ ಪಾಯಿಂಟಿನ ಜಾಗದಲ್ಲಿ ಕೂರುವ, ಆಯಸ್ಕಾಂತದ ಉಂಗುರ ಮತ್ತು ಅದರ ತಿರುಗಾಟವನ್ನು ಗುರುತಿಸುವ ಹಾಲ್ ಸೆನ್ಸರಿನ ಮಾಡ್ಯೂಲ್ ಇರುವ ಕಿಟ್ಟೇ ಲೇಸೆಂದು ತೀರ್ಮಾನಿಸಿದೆ. ಬೇಡವಾದರೆ ಅರ್ಧ ಗಂಟೆಯಲ್ಲಿ ಹಳೆಯದನ್ನು ಮರಳಿ ಕೂರಿಸಬಹುದು.

ಆದರೆ ಕಿಟ್ ತರಿಸುವುದು ಕಾರಿನ ಹೆಸರು ನೋಡಿಯಲ್ಲ, ಡಿಸ್ಟ್ರಿಬ್ಯೂಟರಿನ ಮೈಮೇಲಿನ ನಂಬರು ನೋಡಿ. ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ದಶಕಗಳ ಜಿಡ್ಡನ್ನು ಉಜ್ಜಿದ ಮೇಲೆ, ನಮ್ಮ ಪದ್ಮಿನಿಯ ಎದೆಯೊಳಗೆ ಇನ್ನಾವುದೋ ವಾಹನದ ಡಿಸ್ಟ್ರಿಬ್ಯೂಟರ್ ತಲೆಮಾರಿನಿಂದ ಸಂಸಾರ ಮಾಡುತ್ತಿತ್ತೆಂಬುದು ಬಯಲಾಯಿತು. ಮಿಸ್ತ್ರಿ ಮುಖ ಬೇರೆ ಕಡೆ ತಿರುಗಿಸಿದ.

ಇಷ್ಟರ ನಂತರ ಪಕ್ಕದ ಮನೆಯ ನಿವೃತ್ತ ಎಂಜಿನಿಯರ್ ರಾಯರು ಕಾಗದ ಪೆನ್ನು ಹಿಡಿದು ಬಂದರು. ಅವರ ಪ್ರಕಾರ ಕಾಯಿಲ್‌ನ ಓಮ್, ಅಂದರೆ ಅದು ಕರೆಂಟಿಗೆ ಒಡ್ಡುವ ತಡೆ, ಅಳೆಯದೆ ಮಾಡ್ಯೂಲ್ ಕೊಳ್ಳಬಾರದು. 12 ವೋಲ್ಟಿಗೆ 3 ಓಮ್ ಇದ್ದರೆ 4 ಆಂಪಿಯರ್ ಹರಿಯುತ್ತದೆ, ಓಮ್ ಅರ್ಧವಾದರೆ ಕರೆಂಟು ದುಪ್ಪಟ್ಟು. ಪ್ಲಸ್ ಮೈನಸ್ ಅದಲುಬದಲಾದರೆ ಮಾಡ್ಯೂಲ್ ಸುಟ್ಟೀತು. ಎಂಜಿನ್ ಚಾಲೂ ಮಾಡದೆ ಕೀಲಿ ತಿರುಗಿಸಿಟ್ಟರೂ ಕಾಯಿಲ್ ಮತ್ತು ಮಾಡ್ಯೂಲ್ ಸುಮ್ಮನೆ ಬಿಸಿಯಾಗುತ್ತ ಕೂರುತ್ತವೆ, ಅದೂ ಬಳ್ಳಾರಿಯ ಮೇ ತಿಂಗಳಲ್ಲಿ.

ಈ ಕೊನೆಯ ಮಾತಿಗೆ ಮನೆಯವರೆಲ್ಲ ತಂದೆಯವರ ಕಡೆ ನೋಡಿದೆವು. ಊಟವಾದ ಮೇಲೆ ಬೇವಿನ ನೆರಳಲ್ಲಿ ನಿಂತ ಕಾರಿನೊಳಗೆ ಕೂತು, ಕೀಲಿ ತಿರುಗಿಸಿ, ರೇಡಿಯೊ ಕೇಳುತ್ತ ನಿದ್ದೆ ಹೋಗುವುದು ಅವರ ನಿತ್ಯದ ಕ್ರಮ; ಅದನ್ನು ಬಿಡಿಸುವುದು ಯಾವ ತಂತ್ರಜ್ಞಾನಕ್ಕೂ ಸಾಧ್ಯವಿರಲಿಲ್ಲ. ಹೀಗಾಗಿ ಕಿಡಿಯ ಬಲ, ಬೆಲೆ, ಹೆಸರು ಎಲ್ಲವನ್ನೂ ಬದಿಗಿಟ್ಟು, ಎಂಜಿನ್ ನಿಂತಿದ್ದರೆ ಕಾಯಿಲ್‌ಗೆ ಹೋಗುವ ಕರೆಂಟನ್ನು ತಾನೇ ಕಡಿಯುವ ಮಾಡ್ಯೂಲನ್ನೇ, ತುಸು ದುಬಾರಿಯಾದರೂ, ತರಿಸಿದೆವು.

ಮಿಸ್ತ್ರಿ ಅದನ್ನು ಕೂರಿಸಿ, ಹಳೆಯ ಪಾಯಿಂಟ್ ಪ್ಲೇಟನ್ನು ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟ. ಎಂಜಿನ್ ಮೊದಲ ತಿರುವಿಗೇ ಚಾಲೂ ಆಗಿ, ಸಿಗ್ನಲ್ಲಿನಲ್ಲೂ ನಡುಗದೆ ನಿಲ್ಲತೊಡಗಿತು. ತಂದೆಯವರು ಮಧ್ಯಾಹ್ನವಿಡೀ ನಿಶ್ಚಿಂತೆಯಿಂದ ರೇಡಿಯೊ ಕೇಳಿದರು. ಕಾಯಿಲ್ ತಣ್ಣಗಿತ್ತು, ಮಾಡ್ಯೂಲ್ ತಣ್ಣಗಿತ್ತು; ಮಾರನೆಯ ಬೆಳಿಗ್ಗೆ ನೋಡಿದರೆ ಬ್ಯಾಟರಿಯೂ ತಣ್ಣಗಾಗಿತ್ತು.