ಅಂಬಿನ ಅಲಗೂ ಬೇಲಿಯ ಉರುಳೂ

ನಾನಿರುವ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಬೇಟೆ ನಿಯಮಗಳಲ್ಲಿ ಒಂದು ಅಳತೆ ಇದೆ. ಬಿಲ್ಲು ಹಿಡಿದು ಜಿಂಕೆ ಹೊಡೆಯುವವನ ಬಾಣಕ್ಕೆ ಲೋಹದ ಅಲಗು ಇರಬೇಕು, ಅದು ಕಡಿಮೆಯೆಂದರೆ 7/8 ಇಂಚು ಅಗಲ ಇರಬೇಕು, ಹರಿತವಾಗಿರಬೇಕು. ಬಿಲ್ಲಿನ ಎಳೆತ 30 ಪೌಂಡಿಗಿಂತ ಕಡಿಮೆ ಇರಕೂಡದು. 7/8 ಇಂಚು ಅಂದರೆ ನಮ್ಮ ಲೆಕ್ಕಕ್ಕೆ 22 ಮಿಲಿಮೀಟರ್. ಸಾಯುವ ಪ್ರಾಣಿ ಬೇಗ ಸಾಯಲಿ ಅಂತ ಒಂದು ಸರ್ಕಾರ ಕೂತು ಮಿಲಿಮೀಟರ್ ಲೆಕ್ಕ ಹಾಕಿದೆಯಲ್ಲ ಎಂದು ಅಲ್ಲಿಗೆ ಹೋದ ಹೊಸದರಲ್ಲಿ ವಿಚಿತ್ರ ಅನ್ನಿಸಿತ್ತು. ಈಗ ವಿಚಿತ್ರವಾಗಿ ಕಾಣುವುದು ನಮ್ಮೂರಿನ ರೀತಿ.

ನಮ್ಮದು ಜಗಳೂರು ತಾಲೂಕು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ತನಕ ಚಿತ್ರದುರ್ಗಕ್ಕೆ ಸೇರಿತ್ತು, ಮನೆಯ ಹಿರಿಯರು ಈಗಲೂ ದುರ್ಗದ ಜಿಲ್ಲೆ ಅಂತಲೇ ಅನ್ನುತ್ತಾರೆ. ಬೇಡ ನಾಯಕರು ಆಳಿದ ಸೀಮೆ. ಯುಗಾದಿ ಕಳೆದ ಮೇಲೆ ಗಂಡಸರು ಬಲೆ, ಬಡಿಗೆ, ಭರ್ಜಿ ಹಿಡಿದು ನಾಯಿಗಳ ಜೊತೆ ಕುರುಚಲು ಗುಡ್ಡ ಹತ್ತುತ್ತಿದ್ದ ಕತೆ ಕೇಳಿಕೊಂಡೇ ನಾವು ಬೆಳೆದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ತಡೆ ಹಾಕಿತು. ಹಾಕಿದ್ದು ಸರಿಯೇ. ಇರುವ ನಾಲ್ಕು ಗುಡ್ಡದಲ್ಲಿ ಉಳಿದಿರುವ ಪ್ರಾಣಿಗಳು ಊರೂರಿನವರು ಬೇಟೆಗಿಳಿದರೆ ಒಂದು ಬೇಸಿಗೆಗೂ ಸಾಲುವುದಿಲ್ಲ. ಕೃಷ್ಣಮೃಗ, ನಾಲ್ಕು ಕೊಂಬಿನ ಕೊಂಡುಕುರಿ ಎರಡೂ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹೊಡೆದವನಿಗೆ 3ರಿಂದ 7 ವರ್ಷ ಜೈಲು. ಕೊಂಡುಕುರಿಗೆಂದೇ ನಮ್ಮ ತಾಲೂಕಿನ ರಂಗಯ್ಯನದುರ್ಗದಲ್ಲಿ ವನ್ಯಧಾಮ ಮಾಡಿದ್ದಾರೆ. ನಿಷೇಧ ತೆಗೆಯಿರಿ ಎಂದು ನಾನು ವಾದ ಹೂಡುತ್ತಿಲ್ಲ, ಹಾಗೆ ಅರ್ಥ ಮಾಡಿಕೊಳ್ಳುವವರು ಮುಂದೆ ಓದುವುದು ಬೇಡ.

ಊರಿಗೆ ಹೋದಾಗಲೆಲ್ಲ ಎರಡು ಪ್ರಶ್ನೆ ಕಾದಿರುತ್ತವೆ. ಒಂದು ದೊಡ್ಡಪ್ಪನದು: "ಅಲ್ಲಪ್ಪಾ, ಕೈ ತುಂಬ ಸಂಬಳ ಬರ್ತೈತಿ, ಅಂಗಡ್ಯಾಗ ಮಾಂಸ ಸಿಗ್ತೈತಿ, ಆ ಜಿಂಕೀನ ಯಾಕ್ ಹೊಡೀತಿ?" ಇದಕ್ಕೆ ನನ್ನ ಉತ್ತರ ಚಿಕ್ಕದು. ವಿಸ್ಕಾನ್ಸಿನ್‌ನಲ್ಲಿ ಬಿಳಿಬಾಲದ ಜಿಂಕೆ ಮೆಕ್ಕೆಜೋಳ, ಸೋಯಾ ಹೊಲ ಮೇದು ಮಿತಿಮೀರಿ ಬೆಳೆದಿದೆ. ರಾಜ್ಯದ ದಕ್ಷಿಣದಲ್ಲಿ ಅದನ್ನು ತಿನ್ನುವ ತೋಳ ಇಲ್ಲವೆನ್ನುವಷ್ಟು ಕಡಿಮೆ. ಆ ರಾಜ್ಯದಲ್ಲಿ 2002ರಲ್ಲಿ ಪತ್ತೆಯಾದ, ಮೆದುಳು ಕೊರೆದು ಕೃಶವಾಗಿಸಿ ಕೊಲ್ಲುವ ರೋಗ ಹಿಂಡುಗಳಲ್ಲಿ ಹರಡುತ್ತಲೇ ಇದೆ. ಪರವಾನಗಿ ಪಡೆದು ಹೊಡೆಯಬೇಕು, ಹೊಡೆದದ್ದನ್ನು ಮಾರನೇ ದಿನ ಸಂಜೆ 5ರೊಳಗೆ ಸರ್ಕಾರಕ್ಕೆ ನೋಂದಾಯಿಸಬೇಕು. ಮಾಂಸವನ್ನು ಮನೆಯವರೆಲ್ಲ ಚಳಿಗಾಲವಿಡೀ ತಿನ್ನುತ್ತೇವೆ. ದೊಡ್ಡಪ್ಪನಿಗೆ ಇದು ಒಪ್ಪಿಗೆಯಾಗುವುದಿಲ್ಲ. ಆಗಲೇಬೇಕು ಅಂತಲೂ ಇಲ್ಲ.

ಇನ್ನೊಂದು ಪ್ರಶ್ನೆ ಅವರ ಮಗನದು: "ಅಣ್ಣಾ, ಯಾವ ಅಲಗು ಹಾಕ್ತಿ? ಯಾವುದನ್ನ ನಂಬಬೌದು?" ಇದಕ್ಕೆ ಮಾತ್ರ ಉದ್ದದ ಉತ್ತರ ಬೇಕು.

ಬಂದೂಕಿನ ಗುಂಡು ಹೊಡೆತದ ಆಘಾತದಿಂದಲೂ ಕೊಲ್ಲುತ್ತದೆ. ಬಾಣಕ್ಕೆ ಆ ಬಲ ಇಲ್ಲ, ಅದು ಕೊಯ್ದು ರಕ್ತ ಹರಿಸಿ ಕೊಲ್ಲಬೇಕು. ಎರಡೂ ಶ್ವಾಸಕೋಶ ತೂರಿದರೆ ಜಿಂಕೆ ಸಾಮಾನ್ಯವಾಗಿ ನೂರು ಮೀಟರ್ ಓಡುವುದರೊಳಗೆ ಬೀಳುತ್ತದೆ, ಅದೂ ಸೆಕೆಂಡುಗಳಲ್ಲಿ. ಕರುಳಿಗೆ ಬಿದ್ದರೆ ಗಂಟೆಗಟ್ಟಲೆ ನರಳುತ್ತದೆ. ಹಾಗಾಗಿ ಅಲಗಿನಿಂದ ನಾನು ಕೇಳುವುದು ಇಷ್ಟು: ಗುರಿ ಇಟ್ಟಲ್ಲಿಗೇ ಹೋಗಬೇಕು, ಪಕ್ಕೆಲುಬು ತಾಗಿದರೆ ಮುರಿಯಬಾರದು ಬಾಗಬಾರದು, ಒಳಹೊಕ್ಕಿದ್ದು ಆಚೆ ಬದಿಯಿಂದ ಹೊರಬರಬೇಕು. ಹೊರಬಂದ ರಂಧ್ರದಿಂದ ಸುರಿಯುವ ರಕ್ತವೇ ಆಮೇಲೆ ಜಾಡು ತೋರಿಸುವುದು. ಮರದ ಮೇಲಿನ ಅಟ್ಟಣೆಯಿಂದ ಕೆಳಕ್ಕೆ ಬಿಟ್ಟ ಬಾಣ ಒಳಗೇ ಉಳಿದರೆ ಗಾಯ ಇರುವುದು ಮೇಲುಗಡೆ ಮಾತ್ರ. ರಕ್ತ ಎದೆಗೂಡಿನೊಳಗೇ ತುಂಬುತ್ತದೆ, ನೆಲಕ್ಕೆ ಹನಿ ಬೀಳುವುದಿಲ್ಲ, ಸತ್ತ ಜಿಂಕೆ ಪೊದೆಯಲ್ಲೇ ಕೊಳೆಯುತ್ತದೆ.

ಅಂಗಡಿಗೆ ಹೋದರೆ ಎರಡು ಜಾತಿಯ ಬ್ರಾಡ್‌ಹೆಡ್, ಅಂದರೆ ಬೇಟೆಯ ಅಲಗು, ಸಿಗುತ್ತವೆ. ಒಂದು ಸ್ಥಿರ ಅಲಗಿನದು. ಬ್ಲೇಡುಗಳು ಚಾಚಿಕೊಂಡೇ ಇರುತ್ತವೆ, ಕೊಯ್ಯುವ ಅಗಲ ಹೆಚ್ಚಾಗಿ ಒಂದು ಇಂಚಿನ ಆಸುಪಾಸು. ಇನ್ನೊಂದು ಮೆಕ್ಯಾನಿಕಲ್. ಹಾರುವಾಗ ಬ್ಲೇಡು ಮಡಚಿಕೊಂಡಿದ್ದು, ಮೈಗೆ ತಾಗಿದ ಕೂಡಲೇ ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ರೇಜ್ ಕಂಪನಿಯ ಹೆಸರುವಾಸಿ ಅಲಗು ಬಿಚ್ಚಿದರೆ 2 ಇಂಚು. ತೂಕ ಎರಡರಲ್ಲೂ ಸಾಮಾನ್ಯವಾಗಿ 100 ಅಥವಾ 125 ಗ್ರೇನ್, 100 ಗ್ರೇನ್ ಅಂದರೆ ಆರೂವರೆ ಗ್ರಾಂ.

ಮೆಕ್ಯಾನಿಕಲ್ ಮಾರಾಟವಾಗುವುದು ಎರಡು ಮಾತಿನ ಮೇಲೆ: ಅಗಲ ಗಾಯ, ಮತ್ತು ಅಲಗಿಲ್ಲದ ಅಭ್ಯಾಸದ ಬಾಣ ಬಿದ್ದಲ್ಲೇ ಇದೂ ಬೀಳುತ್ತದೆ. ಎರಡೂ ಸುಳ್ಳಲ್ಲ. ಆದರೆ ಬಿಚ್ಚಿಕೊಳ್ಳಲಿಕ್ಕೂ ಎರಡಿಂಚು ಅಗಲ ಸೀಳಲಿಕ್ಕೂ ಬೇಕಾದ ಶಕ್ತಿ ಬರುವುದು ಬಾಣದಿಂದಲೇ. ಅಷ್ಟು ಶಕ್ತಿ ಒಳಕ್ಕೆ ನುಗ್ಗುವ ಲೆಕ್ಕದಿಂದ ಕಳೆದುಹೋಗುತ್ತದೆ. 70 ಪೌಂಡ್ ಎಳೆಯುವ ಗಟ್ಟಿ ತೋಳಿನವನಿಗೆ ಇದು ದೊಡ್ಡ ವಿಷಯವಲ್ಲ. 45 ಪೌಂಡ್ ಎಳೆಯುವ ನನ್ನ ಹೆಂಡತಿಗೆ ದೊಡ್ಡ ವಿಷಯ. ಓರೆಯಾಗಿ ನಿಂತ ಜಿಂಕೆಗೆ ಒಂದು ಬ್ಲೇಡು ಮೊದಲು ತಾಗಿ ಬಾಣ ಪಕ್ಕಕ್ಕೆ ಹೊರಳುವುದುಂಟು. ಕೊಂಬೆ ಸವರಿದರೆ ದಾರಿಯಲ್ಲೇ ಬಿಚ್ಚಿಕೊಳ್ಳುವುದುಂಟು. ಬ್ಲೇಡನ್ನು ಹಿಡಿದಿಡುವ ರಬ್ಬರ್ ಅಥವಾ ಪ್ಲಾಸ್ಟಿಕ್ ಉಂಗುರ ಚಳಿಗೆ ಸೆಟೆದಿದೆಯೇ ಎಂದು ಬೇರೆ ನೋಡುತ್ತಿರಬೇಕು. ಬಿಚ್ಚಿಕೊಳ್ಳುವ ಒಂದು ಕೆಲಸ ಜಾಸ್ತಿ ಇದ್ದ ಕಡೆ ಕೈಕೊಡುವ ಒಂದು ಜಾಗವೂ ಜಾಸ್ತಿ ಇರುತ್ತದೆ. ಅದಕ್ಕೇ ನಾನು ಸ್ಥಿರ ಅಲಗಿನ ಪಕ್ಷ.

ಹಾಗೆಂದು ಸ್ಥಿರ ಅಲಗು ಸುಮ್ಮನೆ ಒಲಿಯುವುದಿಲ್ಲ. ಚಾಚಿದ ಬ್ಲೇಡುಗಳು ಗಾಳಿಯನ್ನು ಹಿಡಿಯುತ್ತವೆ, ಬಾಣದ ಬಾಲದ ರೆಕ್ಕೆ ಒಂದು ಕಡೆ ಎಳೆದರೆ ಮುಂದಿನ ಅಲಗು ಇನ್ನೊಂದು ಕಡೆ ಎಳೆಯುತ್ತದೆ. ಬಿಲ್ಲಿನ ಹೊಂದಾಣಿಕೆ ಸ್ವಲ್ಪ ಕೆಟ್ಟಿದ್ದರೂ ಇಪ್ಪತ್ತು ಗಜದಲ್ಲಿ ಅದು ಕಣ್ಣಿಗೆ ಕಾಣುತ್ತದೆ. ನನ್ನ ಮಟ್ಟಿಗೆ ಇದೇ ಅದರ ದೊಡ್ಡ ಗುಣ: ಬಿಲ್ಲಿನ ದೋಷವನ್ನು ಬೇಟೆಗೆ ಮೊದಲೇ ಹೇಳಿಬಿಡುತ್ತದೆ. ಅಭ್ಯಾಸದ ಮೊನೆಯ ಬಾಣವನ್ನೂ ಅಲಗಿನ ಬಾಣವನ್ನೂ ಒಂದೇ ಗುರಿಗೆ ಬಿಟ್ಟು ನೋಡಬೇಕು. ಅಲಗಿನದು ಎಡಕ್ಕೆ ಬಿದ್ದರೆ ಬಾಣ ಕೂರುವ ರೆಸ್ಟನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಿ ಮತ್ತೆ ಬಿಡಬೇಕು, ಎರಡೂ ಒಂದೇ ಕಡೆ ಬೀಳುವ ತನಕ. ಅದಕ್ಕೂ ಮುಂಚೆ ಬಾಣವನ್ನು ಬೆರಳ ಮೇಲೆ ತಿರುಗಿಸಿ ಮೊನೆ ನಡುಗುತ್ತದೆಯೇ ನೋಡಬೇಕು. ನಡುಗಿದರೆ ಆ ಬಾಣವನ್ನು ಕಾಡಿಗೆ ಒಯ್ಯಬೇಡಿ. ಬೇಸಿಗೆಯಿಡೀ ಅಭ್ಯಾಸದ ಮೊನೆಯಲ್ಲೇ ಹೊಡೆದು, ಸೆಪ್ಟೆಂಬರ್ ನಡುವಿಗೆ ಋತು ಶುರುವಾಗುವ ಹಿಂದಿನ ರಾತ್ರಿ ಹೊಸ ಅಲಗಿನ ಪೊಟ್ಟಣ ಒಡೆಯುವವರು ಅಲ್ಲಿ ಬಹಳ ಮಂದಿ. ಅಂಥವರು ಯಾವ ಕಂಪನಿಯದು ಕೊಂಡರೇನು?

ಹರಿತದ ವಿಷಯಕ್ಕೆ ನಮ್ಮೂರ ಕಮ್ಮಾರನ ಬುದ್ಧಿ ಸಾಕು. ಕುಡುಗೋಲಿಗೆ ಹದ ಜಾಸ್ತಿಯಾದರೆ ಬಾಯಿ ಹಾರುತ್ತದೆ, ಕಡಿಮೆಯಾದರೆ ಮಡಿಚಿಕೊಳ್ಳುತ್ತದೆ. ಅಲಗಿನ ಉಕ್ಕಿಗೂ ಅದೇ ಮಾತು. ಚೂಪು ಅಲಗು ಕೊಯ್ದ ರಕ್ತನಾಳ ಬೇಗ ಹೆಪ್ಪುಗಟ್ಟುವುದಿಲ್ಲ, ಮೊಂಡು ಅಲಗು ಜಜ್ಜಿ ಹರಿದದ್ದು ಬೇಗ ಕಟ್ಟಿಕೊಳ್ಳುತ್ತದೆ. ಪೊಟ್ಟಣದಿಂದ ತೆಗೆದದ್ದೆಲ್ಲ ಹರಿತವಾಗಿರುತ್ತದೆ ಎಂದು ನಂಬಬೇಡಿ, ಎಳೆದು ಹಿಡಿದ ರಬ್ಬರ್ ಬ್ಯಾಂಡಿಗೆ ಮೆಲ್ಲಗೆ ತಾಗಿಸಿದರೆ ತುಂಡಾಗಬೇಕು. ಬ್ಲೇಡು ಬದಲಿಸುವಂಥದ್ದಾದರೆ ಒಮ್ಮೆ ಹೊಡೆದ ಬ್ಲೇಡನ್ನು ಬಿಸಾಕಿ. ನನಗೆ ಇಷ್ಟ ಒಂದೇ ಉಕ್ಕಿನ ತುಂಡಿನಲ್ಲಿ ಮಾಡಿದ ಮೂರಲಗಿನದು, ಮಾಂಟೆಕ್ ಥರದ್ದು. ಎರಡು ಅಲಗು ಒಟ್ಟಿಗೆ ಸಾಣೆಕಲ್ಲಿನ ಮೇಲೆ ಚಪ್ಪಟೆಯಾಗಿ ಕೂರುತ್ತವೆ, ಉಜ್ಜುತ್ತ ತಿರುಗಿಸುತ್ತ ಹೋದರಾಯಿತು. ಬಿಚ್ಚಿಹೋಗುವ ಸ್ಕ್ರೂ ಇಲ್ಲ. ಹೆಂಡತಿಗೆ ಕೊಟ್ಟಿರುವುದು ತುದಿಯಿಂದಲೇ ಕೊಯ್ಯುವ ಎರಡಲಗಿನದು. ಕಡಿಮೆ ಬಲದಲ್ಲಿ ಅದರಷ್ಟು ಆಳ ಇಳಿಯುವುದು ಇನ್ನೊಂದಿಲ್ಲ.

ಇಷ್ಟೆಲ್ಲ ಇದ್ದರೂ ಮೂವತ್ತು ಗಜದಾಚೆಗೆ ನಾನು ಬಿಲ್ಲೆತ್ತುವುದಿಲ್ಲ. ಸೆಕೆಂಡಿಗೆ 280 ಅಡಿ ಹೋಗುವ ಬಾಣ ಮೂವತ್ತು ಗಜ ಮುಟ್ಟಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಹೆದೆಯ ಸದ್ದು ಅದರ ಕಾಲುಭಾಗ ಹೊತ್ತಿನಲ್ಲಿ ಜಿಂಕೆಯ ಕಿವಿ ಮುಟ್ಟಿರುತ್ತದೆ. ಓಡಲೆಂದು ಕಾಲು ಮಡಚಿ ಮೈ ತಗ್ಗಿಸುವಷ್ಟು ಸಮಯ ಅದಕ್ಕೆ ಸಿಕ್ಕಿತಲ್ಲ. ಶ್ವಾಸಕೋಶಕ್ಕೆ ಇಟ್ಟ ಗುರಿ ಬೆನ್ನಿನ ಮೇಲೆ ಹೋಗುತ್ತದೆ. ಇದನ್ನು ಸರಿಪಡಿಸುವ ಅಲಗು ಯಾವ ಅಂಗಡಿಯಲ್ಲೂ ಇಲ್ಲ.

ಬಿಲ್ಲಿನ ಬೇಟೆಯ ಸರ್ಕಾರಿ ಋತುವಿಗೆ ಅಲ್ಲಿ ಇರುವ ಇತಿಹಾಸ ತೀರಾ ಹಳೆಯದೇನಲ್ಲ, ವಿಸ್ಕಾನ್ಸಿನ್‌ನಲ್ಲಿ ಬಿಲ್ಲುಗಾರರಿಗೆಂದು ಜಿಂಕೆಯ ಋತು ತೆರೆದದ್ದು 1934ರಲ್ಲಿ. ನಮ್ಮ ಅಂಬು ಎಷ್ಟು ಹಳೆಯದು ಎಂದರೆ, ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಬೃಹತ್ ಶಿಲಾಯುಗದ ಸಮಾಧಿಗಳಲ್ಲಿ ಕಬ್ಬಿಣದ ಅಂಬಿನ ಮೊನೆಗಳು ಸಿಕ್ಕವು. ಅದೇ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ: ತಾಯಿ ತಂದೆಯ ಮಾತು ಕೇಳಿ, ಜೀವಿಗಳ ಮೇಲಿನ ದಯೆಯಲ್ಲಿ ಗಟ್ಟಿಯಾಗಿ ನಿಲ್ಲಿ, ನಿಜ ಹೇಳಿ. ಅಂಬೂ ದಯೆಯೂ ಒಂದೇ ಗುಡ್ಡದ ಮಗ್ಗುಲಲ್ಲಿ ಇದ್ದ ಸೀಮೆ ನಮ್ಮದು.

ಈಗ ನಮ್ಮ ಸೀಮೆಯಲ್ಲಿ ಏನಿದೆ? ಬೇಟೆ ನಿಂತಿತು, ಕೊಲ್ಲುವುದು ನಿಂತಿಲ್ಲ. ಮೆಕ್ಕೆಜೋಳಕ್ಕೆ ಹಂದಿ ಬರುತ್ತದೆಂದು ಬೇಲಿಯ ಸಂದಿಗೆ ಬೈಕಿನ ಕ್ಲಚ್ ಕೇಬಲ್ಲಿನ ಉರುಳು ಕಟ್ಟುತ್ತಾರೆ. ಉರುಳಿಗೆ ಹಂದಿಯೋ ಕರಡಿಯೋ ಚಿರತೆಯೋ ಗೊತ್ತಾಗುವುದಿಲ್ಲ. ಸೊಂಟಕ್ಕೆ ಬಿಗಿದುಕೊಂಡ ಪ್ರಾಣಿ ಒಂದು ರಾತ್ರಿ, ಒಂದು ಹಗಲು ಎಳೆದಾಡುತ್ತದೆ. ಹಿಟ್ಟಿನುಂಡೆಯೊಳಗೆ ಸಿಡಿಮದ್ದು ಇಟ್ಟರೆ ದವಡೆ ಹಾರಿದ ಹಂದಿ ತಿನ್ನಲಾರದೆ ಸಾಯಲು ದಿನಗಳೇ ಹಿಡಿಯುತ್ತವೆ. ಎಲ್ಲವೂ ಕಾನೂನುಬಾಹಿರ, ಆದ್ದರಿಂದ ಯಾರೂ ಬಾಯಿ ಬಿಡುವುದಿಲ್ಲ. ಎಷ್ಟು ಹೊತ್ತು ನರಳಿತು ಎನ್ನುವ ಪ್ರಶ್ನೆ ಚಹಾದಂಗಡಿಯ ಮಾತಿಗೂ ಬರುವುದಿಲ್ಲ. ಅಮೆರಿಕದವರು ನಮಗಿಂತ ದಯಾವಂತರು ಎಂದು ನಾನು ಹೇಳುವುದಿಲ್ಲ, ಕೊಂಬಿನ ಹುಚ್ಚಿಗೆ ಹೊಡೆಯುವವರನ್ನು ಸಾಕಷ್ಟು ನೋಡಿದ್ದೇನೆ. ಆದರೆ ಹೊಡೆದ ಜಿಂಕೆ ಸಿಗದಿದ್ದರೆ ಅಲ್ಲಿ ನಾಚಿಕೆಪಡುತ್ತಾರೆ, ಹುಡುಕಲು ನಾಲ್ಕು ಜನ ಕೂಡುತ್ತಾರೆ, ರಕ್ತ ನೊರೆಗುಲಾಬಿಯೋ ಕಡುಗೆಂಪೋ ಹಸಿರು ಬೆರೆತದ್ದೋ ನೋಡಿ, ಬಾಣ ಎಲ್ಲಿಗೆ ಬಿದ್ದಿದೆ ಎಂದು ಅಂದಾಜು ಮಾಡಿ, ಎಷ್ಟು ಹೊತ್ತು ಕಾಯಬೇಕೆಂದು ಚರ್ಚೆ ಮಾಡುತ್ತಾರೆ. ಜಿಂಕೆಯನ್ನು ದೇವರ ವಾಹನ ಎನ್ನುವ ನಮ್ಮೂರಿನಲ್ಲಿ ಉರುಳಿಗೆ ಬಿದ್ದದ್ದರ ಬಗ್ಗೆ ಅಷ್ಟು ಮಾತೂ ಇಲ್ಲ.

ದೊಡ್ಡಪ್ಪನ ಮಗ ಕೇಳಿದ್ದು ಸುಮ್ಮನೆ ಕುತೂಹಲಕ್ಕಲ್ಲ ಎಂದು ಆಮೇಲೆ ತಿಳಿಯಿತು. "ಬರುವಾಗ ನಾಲ್ಕು ಅಲಗು ತಂದುಬಿಡು, ಹಂದಿಗೆ ನೋಡೋಣ" ಅಂದ. ತರಲಿಲ್ಲ, ತರುವುದೂ ಇಲ್ಲ. ಪರವಾನಗಿ ಇಲ್ಲದೆ ಕತ್ತಲಲ್ಲಿ ಬಿಟ್ಟ ಬಾಣ ಇನ್ನೊಂದು ಉರುಳೇ. ಅವನ ಹೊಲಕ್ಕೆ ಬೇಕಿರುವುದು ಸೋಲಾರ್ ಬೇಲಿ. ಅರ್ಧ ಖರ್ಚು ನಾನು ಹಾಕುತ್ತೇನೆ ಎಂದಿದ್ದೇನೆ, ಕಟ್ಟಿರುವ ಕೇಬಲ್ಲುಗಳನ್ನೆಲ್ಲ ಬಿಚ್ಚಿ ನನ್ನೆದುರಿಗೆ ತಂದು ಹಾಕಿದ ಮೇಲೆ.