ಕೊಸರು ಕೊಡದ ಪತ್ತೇದಾರ

ಮೊನ್ನೆ ಭಾನುವಾರ ಸಂಜೆ ನಿರ್ದೇಶಕ ಹಿಚ್‌ಕಾಕನ ‘ಸಬೋಟಾಜ್’ ಹಾಕಿಕೊಂಡು ಕೂತೆ. 1936ರ ಚಿತ್ರ. ಶುರುವಿಗೇ ಲಂಡನ್ನಿನ ಕರೆಂಟು ಹೋಗುತ್ತದೆ. ಯಂತ್ರದೊಳಗೆ ಮರಳು ಸಿಕ್ಕಿತು ಎನ್ನುವಷ್ಟರಲ್ಲಿ ನಮ್ಮ ಮನೆಯದ್ದೂ ಹೋಯಿತು. ಫೋನ್ ಮಾಡಿದರೆ ಆ ಕಡೆಯ ಪುಣ್ಯಾತ್ಮ, ‘ಬರತ್ತೆ ಸಾರ್’ ಎಂದಷ್ಟೇ ಹೇಳಿ ಇಟ್ಟ. ಲಂಡನ್ನಿನವರಿಗೆ ಕಾರಣವಾದರೂ ಸಿಕ್ಕಿತ್ತು.

ಒಂಬತ್ತಕ್ಕೆ ಕರೆಂಟು ಬಂತು, ಮತ್ತೆ ಕೂತೆ. ಆ ಮರಳು ಹಾಕಿದ ವರ್ಲಾಕ್ ಎಂಬವನದೊಂದು ಸಿನಿಮಾ ಮಂದಿರ. ಅವನ ಮೇಲೆ ಕಣ್ಣಿಡಲು ಪಕ್ಕದ ತರಕಾರಿ ಅಂಗಡಿಯಲ್ಲಿ ಟೆಡ್, ಅಂದರೆ ಮಫ್ತಿಯಲ್ಲಿರುವ ಸ್ಕಾಟ್ಲೆಂಡ್ ಯಾರ್ಡಿನ, ಲಂಡನ್ ಪೊಲೀಸರ, ಸಾರ್ಜೆಂಟ್. ಕರೆಂಟು ಹೋಗಿ ಸಿನಿಮಾ ನಿಂತಾಗ ದುಡ್ಡು ವಾಪಸ್ ಕೊಡಿ ಎಂದು ಗಲಾಟೆ ಮಾಡುವ ಜನರಿಗೆ ಈ ತರಕಾರಿಯವನು ಕಾನೂನು ಬಿಡಿಸಿ ಹೇಳುತ್ತಾನೆ. ವರ್ಲಾಕನ ಹೆಂಡತಿಯನ್ನೂ ಅವಳ ತಮ್ಮನನ್ನೂ ಸಿಂಪ್ಸನ್ಸ್‌ನಂಥ ದೊಡ್ಡ ಹೋಟೆಲಿಗೆ ಊಟಕ್ಕೆ ಕರೆದೊಯ್ಯುತ್ತಾನೆ. ಸೊಪ್ಪು ಮಾರಿದ ದುಡ್ಡಿನಲ್ಲಿ! ಆದರೂ ಪರದೆಯ ಹಿಂದೆ ಕದ್ದು ಕೇಳುವಾಗ ಸಿಕ್ಕಿಬೀಳುವ ತನಕ ಒಬ್ಬರಿಗೂ ಅನುಮಾನವಿಲ್ಲ.

ನಮ್ಮಮ್ಮನಾಗಿದ್ದರೆ ಮೊದಲ ದಿನವೇ ಹಿಡಿಯುತ್ತಿದ್ದಳು. ಬೆಂಡೆಕಾಯಿಯ ತುದಿ ಮುರಿಯದೆ ಅವಳು ಕೊಂಡದ್ದೇ ಇಲ್ಲ. ‘ಎಲ್ಲಾ ಮುರಿದ್ರೆ ನಾನ್ಯಾರಿಗೆ ಮಾರ್ಲಿ ಅಮ್ಮಾ?’ ಎಂದು ಗಾಡಿಯವನು ಗದರಬೇಕು, ಇವಳು ತಿರುಗಿಸಿ ಎರಡು ಮಾತು ಹೇಳಬೇಕು, ಕೊನೆಗೆ ಕೊಸರು ಅಂತ ನಾಲ್ಕು ಎಸಳು ಕೊತ್ತಂಬರಿ ಚೀಲಕ್ಕೆ ಬೀಳಬೇಕು. ಒಮ್ಮೆ ಹೊಸಬನೊಬ್ಬ ಬಂದ. ಮೂರು ಮುರಿದರೂ ಸುಮ್ಮನಿದ್ದ. ನಾಲ್ಕನೆಯದಕ್ಕೆ, ‘ನೋಡಿ ಮೇಡಂ, ಪರವಾಗಿಲ್ಲ’ ಎಂದ. ಕೊಸರು ಕೇಳಿದರೆ, ಹಾಗೆಂದರೇನು ಎಂಬಂತೆ ಮುಖ ನೋಡಿದ. ಅಮ್ಮ ಬರಿಗೈಲಿ ವಾಪಸ್ ಬಂದಳು. ‘ಬೈಯದೆ ಇರೋನು ತರಕಾರಿಯವನಲ್ಲ ಕಣೋ, ಸಿಐಡಿ.’ ಮುಂದಿನ ವಾರ ಅವನು ಕಾಣಲಿಲ್ಲ. ಅಮ್ಮನಿಗೆ ಅದೇ ಸಾಕ್ಷಿ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ ಹುಡುಗ, ಮಾವನಿಗೆ ಜ್ವರವೆಂದು ಗಾಡಿ ನೋಡಿಕೊಂಡಿದ್ದನಂತೆ. ಆಮೇಲೆ ನನಗೆ ಗೊತ್ತಾಯಿತು. ಅಮ್ಮನಿಗೆ ಹೇಳಲಿಲ್ಲ.

ಚಿತ್ರದಲ್ಲಿ ವರ್ಲಾಕನ ಹೆಂಡತಿಯ ಆ ತಮ್ಮ ಸ್ಟೀವಿ, ಬಾಂಬ್ ಎಂದು ತಿಳಿಯದೆ ವರ್ಲಾಕ್ ಕೊಟ್ಟ ಪೊಟ್ಟಣ ಹಿಡಿದು ಬಸ್ ಹತ್ತುತ್ತಾನೆ. ಒಂದೂ ಮುಕ್ಕಾಲಿಗೆ ಅದು ಸಿಡಿಯುತ್ತದೆ. ಹುಡುಗನನ್ನು ಕೊಂದದ್ದು ತಪ್ಪಾಯಿತೆಂದು ಹಿಚ್‌ಕಾಕನೇ ಆಮೇಲೆ ಒಪ್ಪಿಕೊಂಡ. ನನಗೆ ಸಿಟ್ಟು ಬಂದದ್ದು ಟೆಡ್ ಮೇಲೆ. ಪಕ್ಕದಲ್ಲೇ ಠಿಕಾಣಿ ಹೂಡಿ, ಅಷ್ಟು ದಿನ ಸೊಪ್ಪು ಮಾರಿ, ಮಾಡಿದ್ದೇನಯ್ಯಾ?

ಬೆಳಿಗ್ಗೆ ಗಾಡಿ ಬಂತು. ಒಂದು ಬೆಂಡೆಕಾಯಿ ಮುರಿದೆ. ‘ಮುರೀಬೇಡಿ ಸಾರ್!’ ಎಂದು ಗದರಿದ. ಸಮಾಧಾನವಾಗಿ ಅರ್ಧ ಕೆಜಿ ತಗೊಂಡೆ. ಹೆಚ್ಚಲು ಕೂತರೆ ಅರ್ಧಕ್ಕರ್ಧ ಬಲಿತದ್ದು.